ಮೂರನೇ ಮಹಡಿಯ ವಿಳಾಸ

"ನಿಮಗೆ ಮನುಷ್ಯತ್ವ ಅನ್ನೋದು ಇದೆಯೇನ್ರಿ?"

ಹೊಸ್ತಿಲಲ್ಲಿ ನಿಂತ ಹೆಣ್ಣುಮಗಳ ದನಿಗೆ ಬೂಟಿನಂಗಡಿಯವನ ಕೈಯ ಸೂಜಿ ಅಲ್ಲೇ ನಿಂತಿತು. ಅವಳ ತೋಳಿಗೆ ಆತುಕೊಂಡಿದ್ದ ವಯಸ್ಸಾದ ತಾಯಿಯ ಒಂದು ಕಾಲು ಗಿಡ್ಡ. ಅಂಥ ಕಾಲುಗಳಿಗೆ ಅಟ್ಟೆ ಏರಿಸಿ ಬೂಟು ಹೊಲಿಯುವುದೇ ಅವನ ಕಸುಬು.

"ಡಾಕ್ಟ್ರು ನಿಮ್ಮ ಹೆಸರು ಹೇಳಿದ್ರು. ನೆಟ್ಟಲ್ಲಿ ಹುಡುಕಿದ್ರೆ ಮೂರನೇ ಮಹಡಿ ಅಂತಿದೆ. ಫೋನ್ ಮಾಡಿದ್ರೆ ಯಾರೂ ಎತ್ತಲ್ಲ. ಅಮ್ಮನ್ನ ಹತ್ತಿಸ್ಕೊಂಡು ಹೋದ್ರೆ ಅಲ್ಲಿ ಬೀಗ! ಕೆಳಗಿನ ವಾಚ್‌ಮನ್ ಇಲ್ಲಿಗೆ ಕಳಿಸಿದ."

"ನಾನು ಕೆಳಗಿಳಿದು ವರ್ಷ ಆಯ್ತಮ್ಮ! ನನ್ನ ವೆಬ್‌ಸೈಟಲ್ಲಿ ಸರಿಯಾಗೇ ಇದೆ. ಕಣ್ಣು ಬಿಟ್ಟು ನೋಡ್ಬೇಕು."

ಅವನಿಗೂ ರೇಗಿತ್ತು. ಮೆಟ್ಟಿಲು ಹತ್ತಲಾರದವರ ಸಲುವಾಗಿಯೇ ಅಲ್ಲವೇ ಅವನು ಗಾಳಿ ಬೆಳಕಿನ ಆ ಮಹಡಿಯನ್ನು ತೊರೆದು, ಎರಡು ಬೀದಿಯಾಚೆಯ ಈ ಮಬ್ಬು ಕೋಣೆಗೆ ಬಂದದ್ದು? ಅಲ್ಲಿ ಸಂಜೆಬಿಸಿಲು ಕಿಟಕಿಯಲ್ಲಿ ಎಷ್ಟು ಹೊತ್ತು ಕೂತಿರುತ್ತಿತ್ತು! ಇಲ್ಲಿ ಅದು ಹೊಸ್ತಿಲಿನಿಂದಲೇ ಹಿಂದಿರುಗುತ್ತದೆ.

ಮಗಳು ಫೋನನ್ನು ಅವನ ಮುಖಕ್ಕೆ ಹಿಡಿದಳು. ಅದು ಅವನ ವೆಬ್‌ಸೈಟಲ್ಲ. ಅಂಗಡಿಗಳನ್ನೆಲ್ಲ ಕಸುಬಿನ ಪ್ರಕಾರ ಪಟ್ಟಿಮಾಡಿದ ವೆಬ್ ಡೈರೆಕ್ಟರಿ. ಅವನದೇ ಹೆಸರು. ಹಳೆಯ ವಿಳಾಸ, ಸತ್ತುಹೋದ ಲ್ಯಾಂಡ್‌ಲೈನು. ಸಾಲದ್ದಕ್ಕೆ 'ಫ್ಯಾಷನ್ ಶೂ' ಎಂಬ ವಿಭಾಗ ಬೇರೆ.

"ಇದು ಸರಿಹೋಗೋವರೆಗೂ ನಾವು ಈ ಹೊಸ್ತಿಲು ತುಳಿಯಲ್ಲ. ನಡಿಯಮ್ಮ."

ತಾಯಿ ಊದಿದ ಮಂಡಿಯನ್ನು ಸವರಿಕೊಂಡಳು. "ಹತ್ತೋದು ಹೇಗೋ ಹತ್ತಿದೆ ಕಣಪ್ಪ. ಇಳಿಯೋವಾಗ ಜೀವ ಬಾಯಿಗೆ ಬಂತು."

ಅಳತೆ ಕೊಡದೆಯೇ ಇಬ್ಬರೂ ಹೊರಟುಹೋದರು.

ಮಧ್ಯಾಹ್ನ ನಾದಿನಿ ಬಂದಳು. ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ವಿಂಗಡಿಸುವವಳು. ಅವನಿಗೆ ವೆಬ್‌ಸೈಟ್ ಮಾಡಿಕೊಟ್ಟವಳೂ ಅವಳೇ. ನಡೆದದ್ದನ್ನು ಕೇಳಿ ಹುಬ್ಬುಗಂಟಿಕ್ಕಿದಳು.

"ಭಾವ, ಡೈರೆಕ್ಟರಿಗೆ ಈ ವಿವರ ಕೊಟ್ಟಿದ್ದು ಯಾರು?"

"ಯಾವನೋ ಫೋನ್ ಮಾಡಿದ್ದ. ಒಂದೇ ದಿನಕ್ಕೆ ಸಾವಿರ ಡೈರೆಕ್ಟರಿಗೆ ಸೇರಿಸ್ತೀನಿ, ಅಂಗಡಿಯ ವಿಸಿಟಿಂಗ್ ಕಾರ್ಡಿನ ಫೋಟೋ ಕಳಿಸಿ ಅಂದ."

"ಯಾವ ಕಾರ್ಡು?"

ಅವನ ಮುಖ ಇಳಿಯಿತು. ಹಳೆಯ ಕಾರ್ಡುಗಳು ದಂಡವಾಗಬಾರದೆಂದು ಅವುಗಳ ಬೆನ್ನಿಗೆ ಹೊಸ ವಿಳಾಸ ಬರೆದಿಟ್ಟುಕೊಂಡಿದ್ದ. ಫೋಟೋ ತೆಗೆದದ್ದು ಮುಂಭಾಗವನ್ನು ಮಾತ್ರ.

"ಒಂದು ಕಾಲಿನ ಅಳತೆ ತಗೊಂಡು ಎರಡು ಬೂಟು ಹೊಲಿದ ಹಾಗಾಯ್ತು ಭಾವ!"

"ಆ ಪುಣ್ಯಾತ್ಮನ್ನ ಹುಡುಕಿ ಉಗೀತೀನಿ. ಡೈರೆಕ್ಟರಿಗಳ ಸಹವಾಸವೇ ಬೇಡ, ನನಗೆ ನನ್ನ ವೆಬ್‌ಸೈಟ್ ಸಾಕು!"

"ಆಮೇಲೆ ಉಗೀರಿ, ಮೊದಲು ಕೂತ್ಕೊಳ್ಳಿ. ವೆಬ್‌ಸೈಟು ನಿಮ್ಮ ಮನೆ. ಡೈರೆಕ್ಟರಿ ಅಂದ್ರೆ ಬೀದಿ ತಿರುವಲ್ಲಿ ದಾರಿ ಹೇಳೋ ಮನುಷ್ಯ. ಹೊಸಬರು ಕೇಳೋದು ಅವನನ್ನೇ. ಅವನಿಗೆ ನೀವೇ ತಪ್ಪು ಹೇಳಿಕೊಟ್ರೆ ಅವನೇನು ಮಾಡ್ತಾನೆ?"

ಅವನು ಸ್ಟೂಲೆಳೆದು ಅವಳ ಪಕ್ಕ ಕೂತ. ಸಿಟ್ಟು ಇನ್ನೂ ಇತ್ತು, ಆದರೆ ಅದು ಈಗ ತನ್ನತ್ತಲೇ ತಿರುಗಿತ್ತು.

ಇಬ್ಬರೂ ಅಂಗಡಿಯ ಹೆಸರನ್ನೂ ಹಳೆಯ ನಂಬರನ್ನೂ ಹುಡುಕಿದರು. ತಪ್ಪಿರುವ ಕಡೆಯೆಲ್ಲ 'ಇದು ನಿಮ್ಮ ಅಂಗಡಿಯೇ?' ಎಂಬಲ್ಲಿ ಒತ್ತಿದರು. ಅಂಗಡಿ ಅವನದೇ ಎಂದು ಖಚಿತಪಡಿಸುವ ಕೋಡ್ ಅವನ ಮೊಬೈಲಿಗೆ ಬಂತು.

"ಇದನ್ನ ನೀವೇ ಹಾಕಿ ಭಾವ. ಫೋನ್ ಮಾಡಿ ಕೇಳಿದವರಿಗೆ ಹೇಳಿದ್ರೋ, ಅಂಗಡಿ ಅವರ ಕೈಗೆ ಹೋಗುತ್ತೆ."

"ಸಾವಿರದಲ್ಲೂ ಹೀಗೇ ಮಾಡ್ಬೇಕಾ?"

"ಜನ ನಿಜವಾಗಿ ನೋಡೋ ನಾಲ್ಕಾರು ಸಾಕು. ಆದ್ರೆ ಎಲ್ಲಾ ಕಡೆ ಅದೇ ಹೆಸರು, ಅದೇ ವಿಳಾಸ, ಅದೇ ನಂಬರು, ವೆಬ್‌ಸೈಟಿನ ಲಿಂಕು. ವಿಭಾಗ 'ವೈದ್ಯಕೀಯ ಪಾದರಕ್ಷೆ'. ಮೊದಲನೇ ಸಾಲಲ್ಲೇ ಬರೀರಿ: ನೆಲಮಹಡಿ, ಮೆಟ್ಟಿಲಿಲ್ಲ."

ಒಂದು ಡೈರೆಕ್ಟರಿ ಮಾತ್ರ, ಪರಿಶೀಲಿಸಿ ಬದಲಿಸಲು ಕೆಲವು ದಿನ ಬೇಕೆಂದಿತು.

"ಅಲ್ಲಿವರೆಗೆ ಹತ್ತೋರ ಗತಿ?" ಎಂದು ಸಿಡುಕಿ ಅವನು ಎದ್ದ. ಬೂಟಿನ ಡಬ್ಬಿಯ ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ ಬರೆದು, ಹಳೆಯ ಕಟ್ಟಡದ ಮೊದಲ ಮೆಟ್ಟಿಲಿನ ಕಂಬಿಗೆ ತಾನೇ ಹೋಗಿ ಕಟ್ಟಿದ: 'ಹತ್ತಬೇಡಿ. ನಾನು ಕೆಳಗಿದ್ದೇನೆ.' ಅದರಡಿ ಹೊಸ ವಿಳಾಸ. ತಲೆಯೆತ್ತಿದರೆ, ಆ ಕಿಟಕಿಯಲ್ಲಿ ಸಂಜೆಬಿಸಿಲು ಇನ್ನೂ ಕೂತಿತ್ತು, ಅವನು ಹೋದದ್ದನ್ನು ಅದಕ್ಕೂ ಯಾರೂ ತಿಳಿಸಿಲ್ಲವೆಂಬಂತೆ.

ಮುಂದಿನ ವಾರ ಬಾಗಿಲಲ್ಲಿ ಅದೇ ಮಗಳು, ಅದೇ ತಾಯಿ.

"ನೆಟ್ಟಲ್ಲಿ ನೋಡಿದೆ. ಸರಿಮಾಡಿದ್ದೀರಿ." ಅವಳ ಮುಖದಲ್ಲಿ ನಗುವಿರಲಿಲ್ಲ. "ನನಗೇನೂ ಸಿಟ್ಟು ಹೋಗಿಲ್ಲ."

"ಇರಲಿ ಬಿಡಮ್ಮ. ನನಗೂ ನನ್ನ ಮೇಲಿನದು ಹೋಗಿಲ್ಲ."

ಅವನು ನೆಲಕ್ಕೆ ಮಂಡಿಯೂರಿ, ಮುದುಕಿಯ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಅಳತೆ ತೆಗೆದ. ಮೊದಲು ಒಂದು ಕಾಲು. ಆಮೇಲೆ ಇನ್ನೊಂದು.

ಅಂಗಡಿ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ವೆಬ್‌ಸೈಟ್ ಮಾಡಿಸಿದೆವೆಂದು ಕೈಕಟ್ಟಿ ಕೂರಬೇಡಿ. ಒಳ್ಳೆಯ ಡೈರೆಕ್ಟರಿಗಳಿಗೆ ಅದನ್ನು ನೀವೇ ಸೇರಿಸಿ. ಸಾವಿರದ ಆಸೆ ತೋರಿಸುವವರ ಕೈಗೆ ನಿಮ್ಮ ಹೆಸರನ್ನು ಒಪ್ಪಿಸಬೇಡಿ. ವಿಳಾಸ ಬದಲಾದ ದಿನವೇ ಅಲ್ಲಿಯೂ ಬದಲಿಸಿ. ಇವತ್ತೇ ಒಮ್ಮೆ ನಿಮ್ಮ ಅಂಗಡಿಯ ಹೆಸರನ್ನು ಹುಡುಕಿ ನೋಡಿ. ನೀವು ಎಂದೋ ಬಿಟ್ಟುಬಂದ ಮೆಟ್ಟಿಲನ್ನು ಯಾರೋ ಈಗಲೂ ನೋವು ನುಂಗಿಕೊಂಡು ಹತ್ತುತ್ತಿರಬಹುದು.