ಎಡತೋಳಿಲ್ಲದ ಕೋಟು

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಗುಮಾಸ್ತ ನನ್ನ ಹೊಲಿಗೆ ಕೋಣೆಗೆ ಬಂದು, ಬಾಗಿಲು ಹಾಕಿಕೊಂಡು, ಜೇಬಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟ. ಅವನು ಬಾಗಿಲು ಹಾಕಿಕೊಂಡನೆಂದರೆ ಕ್ಲಬ್ಬಿನ ಮ್ಯಾನೇಜರ್ ಬದಲಾಗುತ್ತಾರೆ ಎಂದೇ ಅರ್ಥ.

"ಬುಧವಾರ ಆಟ ಮುಗಿಯೋಷ್ಟರಲ್ಲಿ ಬೇಕು ಅಜ್ಜಿ," ಅಂದ. "ಯಾರದು ಅಂತ ಕೇಳ್ಬೇಡಿ. ನಂಗೂ ಗೊತ್ತಿಲ್ಲ."

"ನಿಂಗೆ ಗೊತ್ತಿದ್ದಿದ್ರೆ ಇಷ್ಟೊತ್ತಿಗೆ ಪೇಪರಲ್ಲಿ ಬಂದಿರ್ತಿತ್ತು. ಹೋಗು," ಅಂದೆ.

ನಮ್ಮ ಫುಟ್‌ಬಾಲ್ ಕ್ಲಬ್ಬಿನಲ್ಲಿ ಒಂದು ಪದ್ಧತಿ. ಮ್ಯಾನೇಜರ್, ಅಂದರೆ ತಂಡವನ್ನು ಆಡಿಸುವವರು, ಆಟದ ದಿನ ಗೆರೆಯ ಪಕ್ಕ ನಿಲ್ಲುವಾಗ ಮೊಣಕಾಲು ಮುಟ್ಟುವ ಕಡುಹಸಿರು ಕೋಟು ತೊಡಬೇಕು. ಅದನ್ನು ಅಂಗಡಿಯಿಂದ ತರುವಂತಿಲ್ಲ, ಗ್ಯಾಲರಿಯ ಕೆಳಗಿರುವ ಈ ಕೋಣೆಯಲ್ಲೇ ಹೊಲಿಯಬೇಕು. ಹೆಸರು ಹೊರಬೀಳುವ ಮೊದಲೇ ಕೋಟು ಸಿದ್ಧವಾಗಬೇಕಾದ್ದರಿಂದ ಚೀಟಿಯಲ್ಲಿ ಬರೀ ಅಳತೆ ಇರುತ್ತದೆ, ಹೆಸರಿರುವುದಿಲ್ಲ. ಮೂವತ್ತೊಂದು ವರ್ಷದಲ್ಲಿ ನಾನು ಹೀಗೆ ಎಂಟು ಕೋಟು ಹೊಲಿದಿದ್ದೇನೆ. ಎಂಟು ಸಲವೂ ತುಟಿ ಬಿಚ್ಚಿಲ್ಲ. ಆ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಈ ಸಲ ಚೀಟಿ ಬಂದದ್ದು ಆಶ್ಚರ್ಯವೇನಲ್ಲ. ಹನ್ನೊಂದು ಆಟಗಳಿಂದ ಗೆಲುವಿರಲಿಲ್ಲ. ಇಪ್ಪತ್ತು ತಂಡಗಳಲ್ಲಿ ಹತ್ತೊಂಬತ್ತನೆಯ ಜಾಗ. ಕೊನೆಯ ಮೂರು ತಂಡಗಳನ್ನು ಕೆಳದರ್ಜೆಗೆ ತಳ್ಳುತ್ತಾರೆ. ಅರವತ್ತು ವರ್ಷದಲ್ಲಿ ನಮ್ಮ ಕ್ಲಬ್ಬು ಒಮ್ಮೆಯೂ ಅಲ್ಲಿಗೆ ಇಳಿದದ್ದಿಲ್ಲ. ಯಾರದಾದರೂ ತಲೆದಂಡ ಆಗಲೇಬೇಕಿತ್ತು. ಆಟಗಾರರು ಹನ್ನೊಂದು ಜನ, ಮ್ಯಾನೇಜರ್ ಒಬ್ಬರು. ಒಂದು ತಲೆ ಉರುಳಿಸುವುದು ಸುಲಭ.

ಕನ್ನಡಕ ಹಾಕಿಕೊಂಡು ಚೀಟಿ ನೋಡಿದೆ. ಎದೆ ನಲವತ್ತು. ಭುಜ ಹದಿನೆಂಟು. ಬಲತೋಳು ಇಪ್ಪತ್ತೈದು. ಎಡತೋಳು ಇಪ್ಪತ್ತನಾಲ್ಕೂಕಾಲು.

ಯಾರೂ ಎರಡು ತೋಳಿನ ಅಳತೆಯನ್ನು ಬೇರೆಬೇರೆ ಬರೆಯುವುದಿಲ್ಲ. ಒಂದು ತೋಳು ಅಳೆದರೆ ಮುಗಿಯಿತು. ಒಂದಕ್ಕೊಂದು ಮುಕ್ಕಾಲು ಇಂಚು ವ್ಯತ್ಯಾಸವಿರುವ ತೋಳುಗಳನ್ನು ನನ್ನ ಇಡೀ ಜೀವಮಾನದಲ್ಲಿ ಒಬ್ಬನ ಮೈಮೇಲೆ ಮಾತ್ರ ನೋಡಿದ್ದೇನೆ. ಒಂಬತ್ತನೆಯ ವಯಸ್ಸಿನಲ್ಲಿ ಗೇಟಿನ ಮೇಲಿಂದ ಬಿದ್ದು ಎಡಮೊಣಕೈ ಮುರಿದುಕೊಂಡು, ಅದು ಸೊಟ್ಟಗೆ ಕೂಡಿಕೊಂಡು, ಅಂದಿನಿಂದ ಅವನ ಪ್ರತಿ ಅಂಗಿಗೂ ಎಡತೋಳನ್ನು ನಾನೇ ಮುಕ್ಕಾಲು ಇಂಚು ಗಿಡ್ಡ ಮಾಡಿಕೊಟ್ಟಿದ್ದೇನೆ.

ನನ್ನ ಮಗ.

ಕುರ್ಚಿ ಎಳೆದುಕೊಂಡು ಕುಳಿತೆ. ಚೀಟಿಯನ್ನು ಇನ್ನೊಮ್ಮೆ ಓದಿದೆ, ಅಂಕಿಗಳೇನಾದರೂ ಬದಲಾಗಿರಬಹುದು ಎಂಬಂತೆ.

ನನ್ನ ಮಗನನ್ನು ಕ್ಲಬ್ಬಿನಲ್ಲಿ ಎಲ್ಲರೂ ಗೂಟ ಅನ್ನುತ್ತಾರೆ. ಆಡುತ್ತಿದ್ದ ಕಾಲದಲ್ಲಿ ಗೋಲಿನ ಮುಂದೆ ಹೂತಿಟ್ಟ ಗೂಟದ ಹಾಗೆ ನಿಲ್ಲುತ್ತಿದ್ದನಂತೆ. ಈಗ ಸಹಾಯಕ ತರಬೇತುದಾರ. ಅವನನ್ನು ಆ ಜಾಗಕ್ಕೆ ತಂದವರು ಮೇಷ್ಟ್ರು, ಅಂದರೆ ಈಗಿನ ಮ್ಯಾನೇಜರ್. ಹಿಂದೆ ಶಾಲೆಯಲ್ಲಿ ಡ್ರಿಲ್ ಮಾಡಿಸುತ್ತಿದ್ದವರು, ಆ ಹೆಸರೇ ಉಳಿದುಬಿಟ್ಟಿತು. ಹದಿಮೂರು ವರ್ಷದ ಸೊಟ್ಟಗೈ ಹುಡುಗನನ್ನು, ಇವನು ಗೆರೆಯಾಚೆಯಿಂದ ಚೆಂಡು ಎಸೆಯಲಾರ ಎಂದು ಎಲ್ಲರೂ ವಾಪಸು ಕಳಿಸಿದಾಗ, "ಫುಟ್‌ಬಾಲ್ ಆಡೋದು ಕಾಲಲ್ಲಿ, ಬಿಡ್ರಿ" ಎಂದು ತಂಡಕ್ಕೆ ಸೇರಿಸಿಕೊಂಡವರು. ಅವನ ತಂದೆ ತೀರಿಕೊಂಡಾಗ ಹದಿನೈದು ದಿನ ನಮ್ಮ ಮನೆಗೆ ಬಂದು ಅವನನ್ನು ಮೈದಾನಕ್ಕೆ ಕರೆದುಕೊಂಡು ಹೋದವರು.

ಅಂಥವರ ಕೋಟನ್ನು ಅವರ ಮೈಮೇಲಿದ್ದಾಗಲೇ ನನ್ನ ಮಗ ಕೇಳಿದ್ದಾನೆ.

ಆದರೂ ಕೈ ಅದರ ಪಾಡಿಗೆ ಅದು ಕೆಲಸ ಮಾಡುತ್ತದೆ. ಹಸಿರು ಬಟ್ಟೆ ಹರವಿ ಬೆನ್ನಿನ ಭಾಗ ಕತ್ತರಿಸಿದ್ದೆ, ಅಷ್ಟರಲ್ಲಿ ಬಾಗಿಲ ಹೊರಗೆ ಕೆಮ್ಮು ಕೇಳಿಸಿತು. ಮೇಷ್ಟ್ರ ಕೆಮ್ಮು. ಪಕ್ಕದಲ್ಲಿದ್ದ ಹಳೆ ಬೆಡ್‌ಶೀಟನ್ನು ಎಳೆದು ಮೇಜಿನ ಮೇಲೆ ಹೊದಿಸಿದೆ.

"ಅಕ್ಕಾ, ಒಂದು ಗುಂಡಿ," ಅನ್ನುತ್ತ ಬಂದು, ತಮ್ಮ ಕೋಟು ಬಿಚ್ಚಿ ಕೊಟ್ಟು, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕುಳಿತರು. "ಶನಿವಾರ ಮೂರನೇ ಗೋಲು ಹೊಡೆಸ್ಕೊಂಡಾಗ ನಾನೇ ಕಿತ್ಕೊಂಡೆ. ನಮ್ಮ ಗೋಲ್‌ಕೀಪರನ್ನ ಕಿತ್ತು ಬಿಸಾಕ್ಬೇಕು ಅನ್ನಿಸ್ತು. ಕೈಗೆ ಸಿಕ್ಕಿದ್ದು ಗುಂಡಿ."

ನಗಲಾಗಲಿಲ್ಲ. ಸೂಜಿಗೆ ದಾರ ಪೋಣಿಸಲು ಮೂರು ಸಲ ತಪ್ಪಿದೆ.

"ಕಣ್ಣು ತೋರಿಸ್ಕೊಳ್ಳಿ ಅಕ್ಕಾ."

"ಕಣ್ಣು ಸರಿಯಾಗೇ ಇದೆ."

"ಬುಧವಾರ ಗೆದ್ರೆ ಇನ್ನೂ ಉಸಿರಿದೆ ನಮಗೆ. ನಿಮ್ಮ ಗೂಟ ಇದಾನಲ್ಲ, ಬೆಳಿಗ್ಗೆ ಏಳಕ್ಕೇ ಬಂದು ನನ್ನ ಜೊತೆ ಕೂತು ತಂಡ ಬರೆದ. ಅವನೊಬ್ಬ ಬೆನ್ನಿಗಿರೋವರೆಗೂ ನಂಗೇನೂ ಆಗಲ್ಲ."

ಗುಂಡಿ ಹೊಲಿದೆ. ದಾರ ಹಲ್ಲಿನಲ್ಲಿ ಕತ್ತರಿಸಿದೆ. ಅವರು ಕೋಟು ಹಾಕಿಕೊಂಡು ಹೋದ ಮೇಲೂ ಆ ದಾರದ ತುಂಡು ನನ್ನ ತುಟಿಯ ಮೇಲೇ ಇತ್ತು.

ಸಂಜೆ ಮಗ ಮನೆಗೆ ಬಂದಾಗ ಸೊಸೆ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಅವನು ಶೂ ಬಿಚ್ಚುತ್ತ ಬಗ್ಗಿದ್ದ. ಆ ಬಗ್ಗಿದ ತಲೆಗೇ ಕೇಳಿದೆ.

"ಎಡತೋಳು ಇಪ್ಪತ್ತನಾಲ್ಕೂಕಾಲೇನೋ?"

ಅವನ ಕೈ ಶೂದಾರದ ಮೇಲೇ ನಿಂತಿತು. "ಅಳತೆ ತಗೊಂಡೋರಿಗೆ, ಎರಡೂ ತೋಳು ಸರಿಯಾಗಿ ಬರೀರಿ, ಇಲ್ಲಾಂದ್ರೆ ಅಮ್ಮನಿಗೆ ಎರಡು ಸಲ ಕೆಲಸ ಆಗುತ್ತೆ ಅಂದೆ," ಅಂದ. "ಬರೆಸೋವಾಗ ನಿಂಗೆ ಗೊತ್ತಾಗುತ್ತೆ ಅಂತ ಹೊಳೀಲೇ ಇಲ್ಲ."

"ಭಾನುವಾರ ಯಾವನೋ ಆಟಗಾರನ್ನ ನೋಡೋಕೆ ಪರವೂರಿಗೆ ಹೋಗ್ತೀನಿ ಅಂದಿದ್ದೆ."

"ಅಧ್ಯಕ್ಷರ ಮನೆಗೆ ಹೋಗಿದ್ದೆ."

"ಅವರಾಗೇ ಕರೆದ್ರಾ? ನೀನು ಹೋಗಿ ಕೇಳಿದ್ಯಾ?"

"ಅವರೇ ಕರೆದ್ರು. ಹೊರಗಿನವರು ನಾಲ್ಕು ಜನ ಬೇಡ ಅಂದಿದಾರೆ ಅಮ್ಮ, ಮುಳುಗೋ ದೋಣಿ ಯಾರು ಹತ್ತುತ್ತಾರೆ? ನಾನು ಒಲ್ಲೆ ಅಂದಿದ್ರೂ ಮೇಷ್ಟ್ರನ್ನ ಉಳಿಸ್ತಿರಲಿಲ್ಲ. ಬುಧವಾರ ಗೆದ್ರೂ ಅಷ್ಟೇ, ಸೋತ್ರೂ ಅಷ್ಟೇ."

"ಅವರಿಗೆ ಹೇಳಿದ್ಯಾ?"

"ಹೇಳ್ಬಾರ್ದು ಅಂದಿದಾರೆ."

"ಅವರು ಅಂದ್ರು. ನೀನು ಏನಂದೆ?"

ಅವನು ಇನ್ನೊಂದು ಶೂ ಬಿಚ್ಚತೊಡಗಿದ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಇವನಿಗೆ ಹೇಳಿಕೊಟ್ಟವಳು ನಾನೇ ತಾನೇ ಎಂದು ಅವನ ಸೊಟ್ಟ ಮೊಣಕೈಯನ್ನೇ ನೋಡುತ್ತ ನಿಂತಿದ್ದೆ. ಮೂವತ್ತೆಂಟು ವರ್ಷದ ಗಂಡಸಿಗೆ ಹೊಡೆಯುವ ಹಾಗಿಲ್ಲ, ಅಪ್ಪಿಕೊಳ್ಳಲು ಮನಸ್ಸಿಲ್ಲ.

"ಕೋಟು ಹೊಲೀತೀನಿ," ಅಂದೆ. "ಅದು ನನ್ನ ಕೆಲಸ. ಆದ್ರೆ ಎಡತೋಳು ಕೂಡಿಸಲ್ಲ. ನೀನು ಅವರ ಮುಖ ನೋಡಿ ಹೇಳಿ ಬಂದ ದಿನ ಅದು."

"ಅಮ್ಮ, ನಗೆಪಾಟಲು ಆಗುತ್ತೆ."

"ಆಗ್ಲಿ. ಒಂದು ತೋಳಿನ ಕೋಟು ಹಾಕ್ಕೊಂಡು ನಿಂತ್ಕೊ. ಹೇಗಿದ್ರೂ ನಿಂಗೆ ತಗೊಳ್ಳೋ ಕೈ ಒಂದೇ ಇರೋದು, ಕೊಡೋ ಕೈ ಇಲ್ವಲ್ಲ."

ಮಂಗಳವಾರ ಅವನು ಹೇಳಲಿಲ್ಲ. ಬುಧವಾರ ಮಧ್ಯಾಹ್ನದವರೆಗೂ ಹೇಳಲಿಲ್ಲ. ಕೋಟು ಮರದ ಗೊಂಬೆಯ ಮೇಲೆ ನಿಂತಿತ್ತು. ಕಾಲರ್ ಕೂತಿದೆ, ಗುಂಡಿಗಳು ಬಿದ್ದಿವೆ, ಒಳಬಟ್ಟೆ ಸುಕ್ಕಿಲ್ಲದೆ ಇಳಿದಿದೆ. ಬಲತೋಳು ನೆಟ್ಟಗೆ ಜೋತುಬಿದ್ದಿದೆ. ಎಡಗಡೆ ಖಾಲಿ ತೂತು. ಕತ್ತರಿಸಿಟ್ಟ ತೋಳು ಮಡಿಚಿ ನನ್ನ ಮಡಿಲಲ್ಲಿತ್ತು.

ಆರಕ್ಕೆ ಆಟ. ನಾಲ್ಕೂವರೆಗೆ ಮೇಷ್ಟ್ರು ಕೆಮ್ಮದೇ ಒಳಗೆ ಬಂದರು. ಬೆಡ್‌ಶೀಟು ಎಳೆಯಲು ನನಗೆ ಸಮಯ ಸಿಗಲಿಲ್ಲ.

"ಎಳೀಬೇಡಿ ಅಕ್ಕಾ," ಅಂದರು. "ಸೋಮವಾರ ಮೇಜಿನ ಮೇಲೆ ಅದನ್ನ ನೋಡಿದಾಗಲೇ ಗೊತ್ತಾಯ್ತು."

ಅವರು ಅದೇ ಕುರ್ಚಿಯಲ್ಲಿ ಕುಳಿತರು.

"ನನಗಿಂತ ಮುಂಚೆ ಕೊಡೆ ಮ್ಯಾನೇಜರ್ ಇದ್ರಲ್ಲ, ಬಿಸಿಲಿಗೂ ಕೊಡೆ ಹಿಡ್ಕೊಂಡು ಓಡಾಡ್ತಿದ್ದೋರು, ಅವರು ಒಂದ್ಸಲ ಸಿಕ್ಕಿದ್ರು. ಹೊಲಿಗೆ ಅಕ್ಕ ಹೇಗಿದಾರೆ ಅಂದ್ರು. ನನ್ನ ಕೆಲಸ ಹೋದದ್ದು ಗೊತ್ತಾಗಿದ್ದೇ ಅವರಿಂದ ಅಂದ್ರು. ಕಿತ್ತ ಅಂಚು ಹೊಲಿಸೋಕೆ ಇಲ್ಲಿಗೆ ಬಂದಿದ್ರಂತೆ. ನೀವು ಮೇಜಿನ ಮೇಲಿದ್ದ ಹಸಿರು ಬಟ್ಟೆಗೆ ಬೆಡ್‌ಶೀಟ್ ಹೊದಿಸಿದ್ರಂತೆ. ಆಮೇಲೆ ಅಂಚು ಹೊಲಿದು ಕೊಟ್ಟು, ಆರೋಗ್ಯ ನೋಡ್ಕೊಳ್ಳಿ ಅಂದ್ರಂತೆ."

ಹೌದು. ಅಂದಿದ್ದೆ. ಆ ಹಸಿರು ಬಟ್ಟೆ ಮೇಷ್ಟ್ರ ಕೋಟಿನದು. ಕೊಡೆಯವರು ಈಗ ಮೇಷ್ಟ್ರು ಕುಳಿತಲ್ಲೇ ಕುಳಿತಿದ್ದರು. ಅವರಿಗಿಂತ ಹಿಂದಿನವರೂ ಬಂದಿದ್ದರು, ಜಿಪ್ಪು ಸರಿಮಾಡಿಸಲು. ಎಂಟು ಕೋಟು. ಪ್ರತಿಯೊಂದನ್ನೂ ಇನ್ನೊಬ್ಬರು ಹಳೆಯದನ್ನು ತೊಟ್ಟು ಓಡಾಡುತ್ತಿರುವಾಗಲೇ ಹೊಲಿದವಳು ನಾನು. ಅವರ ಮುಖ ನೋಡಿ ನಕ್ಕು, ಗುಂಡಿ ಹಾಕಿಕೊಟ್ಟು, ಬಾಯಿ ಮುಚ್ಚಿಕೊಂಡು, ಅದಕ್ಕೆ ಹೆಮ್ಮೆ ಪಟ್ಟವಳು. ಅವರಿಗೆ ಹೇಳಿದ್ಯಾ ಎಂದು ಮಗನಿಗೆ ಸೋಮವಾರ ನಾನು ಕೇಳಿದ ಪ್ರಶ್ನೆಯನ್ನು ಮೂವತ್ತೊಂದು ವರ್ಷದಲ್ಲಿ ನನಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

"ಮೇಷ್ಟ್ರೇ, ನಾನು..." ಅಂದೆ.

"ನಿಮ್ಮನ್ನ ಬಯ್ಯೋಕೆ ಬಂದಿಲ್ಲ. ಯಾರ ಕೋಟು ಅಂತಲೂ ಕೇಳಲ್ಲ. ಒಂದು ಮಾತು ಹೇಳಿ ಹೋಗೋಣ ಅಂತ ಬಂದೆ. ಬರೋರು ಯಾರೇ ಆಗ್ಲಿ, ಗೂಟನ್ನ ಸಹಾಯಕನಾಗಿ ಉಳಿಸ್ಕೊಳ್ಳಿ ಅಂತ ಇವತ್ತು ಬೆಳಿಗ್ಗೆ ಅಧ್ಯಕ್ಷರಿಗೆ ಕಾಗದ ಬರೆದಿದೀನಿ. ನೀವು ಯೋಚನೆ ಮಾಡ್ಬೇಡಿ."

ಬಾಗಿಲಲ್ಲಿ ನೆರಳು ಬಿತ್ತು. ನನ್ನ ಮಗ. ಆಟಗಾರರ ಪಟ್ಟಿ ಕೈಯಲ್ಲಿ ಹಿಡಿದು ಮೇಷ್ಟ್ರನ್ನು ಹುಡುಕುತ್ತ ಬಂದವನು ಕೊನೆಯ ಮಾತು ಕೇಳಿಸಿಕೊಂಡಿದ್ದ. ಗೊಂಬೆ ನೋಡಿದ, ನನ್ನ ಮಡಿಲಿನ ತೋಳು ನೋಡಿದ. ನಾನು ಅವನ ನೆರವಿಗೆ ಹೋಗಲಿಲ್ಲ. ಹೋಗಬಹುದಿತ್ತು.

"ಮೇಷ್ಟ್ರೇ," ಅಂದ. "ಆ ಕೋಟು ನಂದು."

ಮೇಷ್ಟ್ರು ನಕ್ಕರು, ತಮಾಷೆ ಅಂದುಕೊಂಡು. ಆಮೇಲೆ ಗೊಂಬೆಯ ಎಡಗಡೆಯ ತೂತಿನ ಕಡೆ ತಿರುಗಿದರು. ನಗು ಮುಖದ ಮೇಲೇ ಉಳಿದು, ಯಾರದೋ ನಗುವಿನಂತೆ ಕಾಣಿಸಿತು. ಅವರೂ ಆ ಮೊಣಕೈಯನ್ನು ಇಪ್ಪತ್ತೈದು ವರ್ಷದಿಂದ ಬಲ್ಲವರು.

"ಯಾವತ್ತಿಂದ?"

"ಭಾನುವಾರದಿಂದ."

"ಸೋಮವಾರ ಏಳಕ್ಕೆ ಬಂದು ನನ್ನ ಜೊತೆ ತಂಡ ಬರೆದೆ."

"ಹೌದು."

"ಎಡಗಡೆ ಬ್ಯಾಕ್ ಆಡೋ ಹಳಬನನ್ನ ಕೂರಿಸಿ ಹೊಸಬನನ್ನ ಇಳಿಸೋಣ ಅಂದೆ ನೀನು. ನಾನು ಬೇಡ ಅಂದೆ." ಮೇಷ್ಟ್ರ ದನಿ ಏರಲಿಲ್ಲ. "ಅದು ಯಾರಿಗೋಸ್ಕರ ಅಂದಿದ್ದು? ನನ್ನ ಬುಧವಾರದ ಆಟಕ್ಕಾ, ನೀನು ನಡೆಸೋ ಶನಿವಾರದ ಆಟಕ್ಕಾ?"

ಮಗ ಕೈಯಲ್ಲಿದ್ದ ಪಟ್ಟಿ ನೋಡಿದ. ಸುಳ್ಳು ಹುಡುಕುತ್ತಿದ್ದಾನೋ ನಿಜ ಹುಡುಕುತ್ತಿದ್ದಾನೋ ಹೆತ್ತ ನನಗೂ ತಿಳಿಯಲಿಲ್ಲ.

"ಗೊತ್ತಿಲ್ಲ ಮೇಷ್ಟ್ರೇ," ಅಂದ. "ಆದ್ರೆ ಅವನೇ ಇಳೀಬೇಕು. ಹಳಬನ ಕಾಲು ಸೋತಿದೆ."

ಮೇಷ್ಟ್ರು ಎದ್ದರು. ತಮ್ಮ ಕೋಟಿನ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹಾಕಿಕೊಂಡರು. ಮಗನ ಕೈಯಿಂದ ಪಟ್ಟಿ ಕಿತ್ತುಕೊಂಡು, ನನ್ನ ಮೇಜಿನ ಮೇಲಿದ್ದ ಪೆನ್ಸಿಲ್ಲಿನಿಂದ ಒಂದು ಹೆಸರು ಹೊಡೆದು ಇನ್ನೊಂದು ಬರೆದರು.

"ಇವತ್ತು ನನ್ನ ಪಕ್ಕ ಕೂರ್ಬೇಡ," ಅಂದರು. "ಹಿಂದಿನ ಸಾಲಲ್ಲಿ ಕೂತ್ಕೊ."

ಅವರು ಹೋದರು. ನನ್ನ ಮಗ ಅವರ ಹಿಂದೆ ಹೋದ, ಹತ್ತು ಹೆಜ್ಜೆ ಬಿಟ್ಟು.

ಆರೂಕಾಲಿಗೆ ಗುಮಾಸ್ತ ಬಂದ. "ಆಯ್ತಾ ಅಜ್ಜಿ? ಅಧ್ಯಕ್ಷರು ಕೇಳ್ತಿದಾರೆ."

"ಒಂದು ತೋಳು ಬಾಕಿ."

"ಎಷ್ಟು ಹೊತ್ತು?"

"ಮೇಷ್ಟ್ರು ಆಟ ಮುಗಿಸಿ ಬರ್ಲಿ. ಅವರು ಕೋಟು ಬಿಚ್ಚಿದ ಮೇಲೆ ಹೊಲೀತೀನಿ. ಇನ್ಮೇಲೆ ಇಲ್ಲಿ ಹಾಗೇ ಅಂತ ಹೇಳು ಅವರಿಗೆ."

ಅವನು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದ. ಮೂವತ್ತೊಂದು ವರ್ಷದಲ್ಲಿ ನಾನು ಅಧ್ಯಕ್ಷರಿಗೆ ಹೇಳಿ ಕಳಿಸಿದ ಮೊದಲ ಮಾತು ಅದು. ಅಷ್ಟರಲ್ಲಿ ನಮ್ಮ ತಲೆಯ ಮೇಲೆ ಗ್ಯಾಲರಿ ಗುಡುಗಿತು. ಸಾವಿರಾರು ಕಾಲುಗಳು ಒಟ್ಟಿಗೆ ಕುಣಿದವು, ಸೂರಿನಿಂದ ಸುಣ್ಣದ ಪುಡಿ ಉದುರಿತು. ಎದುರಾಳಿ ಗೋಲು ಹೊಡೆದರೆ ಇಲ್ಲಿ ಇಷ್ಟು ಸದ್ದಾಗುವುದಿಲ್ಲ. ಗುಮಾಸ್ತ ಓಡಿದ.

ನಾನು ಮಡಿಲಿನ ತೋಳನ್ನು ಒದರಿದೆ. ಹಸಿರಿನ ಮೇಲೆ ಬಿದ್ದಿದ್ದ ಬಿಳಿ ಪುಡಿ ಅಷ್ಟು ಸುಲಭಕ್ಕೆ ಹೋಗಲಿಲ್ಲ.