ಮುರ್ತುಜಸಾಬನ ಮಾಫಿನಾಮೆ

ಫೌಜದಾರನ ಮೇಜಿನ ಮೇಲಿನ ಮಸಿ ನೀರುನೀರು, ಥೂ, ಇದರಲ್ಲಿ ಬರೆದರೆ ಹೆಸರೂ ನಿಲ್ಲುವುದಿಲ್ಲ, ತನ್ನ ಛಾಪಖಾನೆಯ ಮಸಿ ಉಗುರ ಸಂದಿಗೆ ಹೊಕ್ಕರೆ ವಾರವಾದರೂ ಬಿಡುವುದಿಲ್ಲ, ಮುರ್ತುಜಸಾಬ ಲೇಖನಿ ಜಾಡಿಸಿದ, ಫೌಜದಾರ ಗದರಿದ, ಏನ್ ನೋಡ್ತಿ ಲೇ ಸಾಬ, ತಪ್ಪಾತು, ಮಾಫಿ ಮಾಡ್ರಿ ಅಂತ ಬರಿ, ಇಲ್ಲಂದ್ರ ಛಾಪಖಾನಿಗೆ ಸೀಲು, ನಿನಗ ಬಿಜಾಪುರದ ಜೈಲು — ಹನ್ನೊಂದು ವರ್ಷ ತಾನೊಬ್ಬನೇ ಬರೆದು ತಾನೊಬ್ಬನೇ ಅಚ್ಚು ಹಾಕಿದ ವಾರಪತ್ರಿಕೆ, ಬಾಗಲಕೋಟೆಯ ಪೇಟೆಯಲ್ಲಿ ಸಂಪಾದಕರು, ಇಳಕಲ್ಲಿನ ಮಗ್ಗದ ಮನೆಗಳಲ್ಲಿ ಕವಿಸಾಬ, ಈ ಕಚೇರಿಯಲ್ಲಿ ಮಾತ್ರ ಲೇ ಸಾಬ, ಇರಲಿ, ಒಂದು ಹಾಡಿಗೆ ಇವರಿಗೆ ಇಷ್ಟು ಉರಿ ಹತ್ತಿತಲ್ಲ, ಹಾಡಾದರೂ ಏನು, ಬದಾಮಿಯ ಗವಿ ನೋಡಲು ಬಂದ ದೊಡ್ಡ ಸಾಹೇಬನ ಡೇರೆ ಹೊರಲು ಬಿತ್ತಿಗೆಯ ದಿನಗಳಲ್ಲೇ ಕೆರೂರಿನ ಗಾಡಿಗಳನ್ನೆಲ್ಲ ಬಿಟ್ಟಿ ಹಿಡಿದರು, ಅಲ್ಲಿನ ಒಕ್ಕಲಗಿತ್ತಿ ಕಾಳವ್ವ ತನ್ನ ಎತ್ತಿನ ಕೊರಳು ತಬ್ಬಿ ಬೈದದ್ದನ್ನೇ ಇವನು ಪದ ಕಟ್ಟಿ ಅಚ್ಚು ಹಾಕಿದ, ಈಗ ಅದು ಹುನಗುಂದದವರೆಗೆ ಎಲ್ಲರ ಬಾಯಲ್ಲಿ, ಕಾಳವ್ವನೂ ಬಂದು ಹೊರಗೆ ಮಂದಿಯೊಳಗೆ ನಿಂತಿದ್ದಾಳೆ, ಮನೆ ಬಿಡುವಾಗ ಹೆಂಡತಿ ಮೌಲಾಬಿ, ತಲಿ ತಗ್ಗಿಸಿ ಬಂದ್ರ ನಾ ರೊಟ್ಟಿ ಹಾಕೂದಿಲ್ಲ ನೋಡ್ರಿ, ಅಂದವಳು ಬಾಗಿಲಲ್ಲೇ ಕಣ್ಣು ಒರೆಸಿಕೊಂಡಳು, ಅದು ಅವನಿಗೆ ಕಂಡಿತ್ತು.

ಬರೆದ. ನಾನು ಮುರ್ತುಜಸಾಬ, ಎಲ್ಲರ ಮುಂದೆ ಹೇಳುವುದೇನೆಂದರೆ — ಯಾ ಅಲ್ಲಾ, ಕೈ ಬಲದಿಂದ ಎಡಕ್ಕೆ ಓಡಿದೆ, ಅಕ್ಷರಗಳೆಲ್ಲ ಬೆನ್ನು ತಿರುಗಿಸಿ ಕೂತಿವೆ, ಕಲ್ಲಚ್ಚಿನವನ ಕೈ, ಕಲ್ಲಿನ ಮೇಲೆ ತಿರುಗಾಮುರುಗಾ ಬರೆದರೆ ತಾನೆ ಕಾಗದದ ಮೇಲೆ ನೆಟ್ಟಗೆ ಮೂಡುವುದು, ಏನ್ ಲೇ ಇದು, ಅರಬಿ ಏನು, ಅಲ್ಲರಿ ರಾವಸಾಹೇಬ್ರ, ಕನ್ನಡಾನ ಐತ್ರಿ, ರೂಢಿ ಮ್ಯಾಲೆ ಕೈ ತಪ್ಪೇತಿ, ಕನ್ನಡಿ ಹಿಡದ್ರ ಓದಾಕ ಬರ್ತೈತಿ, ಬ್ಯಾರೆ ಹಾಳಿ ಕೊಡ್ರಿ, ಏ ಬ್ಯಾಡ, ಮಂದಿ ಕಾಯಾಕತ್ತೈತಿ, ಅದನ್ನ ಮುಗಸು, ಅಂದಾನಪ್ಪಾ, ಕ್ಷೌರದವನ ಕನ್ನಡಿ ಇಸ್ಕೊಂಬಾ, ಬಾಗಲದಾಗ ನಿಂತು ಎಲ್ಲಾರಿಗೂ ಕೇಳೂಹಂಗ ಒದರಿ ಓದು — ಕಾರಕೂನ ಅಂದಾನಪ್ಪ ಓಡಿದ, ಫೌಜದಾರ ಹಾಳೆಯ ಮೇಲೆಯೇ ಕಣ್ಣು ನೆಟ್ಟು ಕೂತಿದ್ದಾನೆ, ಕೂತಿರಲಿ, ಕನ್ನಡಿ ಬರುವ ತನಕ ಇದನ್ನು ಓದಬಲ್ಲ ಕಣ್ಣು ಈ ಕೋಣೆಯಲ್ಲಿ ತನ್ನದೊಂದೇ, ತಪ್ಪಾಯಿತು ಎಂದು ಬರೆದರೆ ಇವತ್ತೇ ಮನೆ, ಛಾಪಖಾನೆ ತನ್ನದು, ಪತ್ರಿಕೆ ತನ್ನದು, ಕಾಳವ್ವನ ಮುಖ ಮಾತ್ರ ಮತ್ತೆ ನೋಡುವಂತಿಲ್ಲ, ಬರೆಯದಿದ್ದರೆ ಜೈಲು, ಹೋಗಲಿ ಬಿಡು, ಜೈಲಿನಲ್ಲೇನು ಗೋಡೆ ಇಲ್ಲವೆ ಬರೆಯಲು, ಕೈ ಓಡಿತು, ಬಲದಿಂದ ಎಡಕ್ಕೆ, ಕೆಳಗೆ ಸಹಿಯನ್ನೂ ಜಡಿದ.

ಅಂದಾನಪ್ಪ ಬಾಗಿಲಲ್ಲಿ ನಿಂತಿದ್ದಾನೆ, ಒಂದು ಕೈಯಲ್ಲಿ ಹಾಳೆ, ಒಂದು ಕೈಯಲ್ಲಿ ಕನ್ನಡಿ, ಪಾಪದ ಮನುಷ್ಯ, ಒಂದೊಂದೇ ಅಕ್ಷರ ಹುಡುಕಿ ಒದರುತ್ತಾನೆ, ಅರ್ಥದ ಕಡೆ ಲಕ್ಷ್ಯವೇ ಇಲ್ಲ, ಕನ್ನಡಿಯಲ್ಲಿ ಅವನ ಬಾಯಿ, ತೆರೆಯುತ್ತದೆ, ಮುಚ್ಚುತ್ತದೆ, ನಾನು ಮುರ್ತುಜಸಾಬ, ಎಲ್ಲರ ಮುಂದೆ ಹೇಳುವುದೇನೆಂದರೆ, ಮಂದಿ ಬಾಗಿಲ ಹತ್ತಿರ ಸರಿಯಿತು, ಎತ್ತು ನಮ್ಮದು, ಆ ಬಾಯಿ, ಗಾಡಿ ನಮ್ಮದು, ಫೌಜದಾರನ ಹುಬ್ಬು ಗಂಟಾಯಿತು, ಹಾದಿ ನಮ್ಮದು, ಹತ್ತಿ ಕೂತವರು — ಸರಕಾರದ ಪಗಾರ ತಿನ್ನುವ ಬಾಯಿ ತಾನು ಒದರಿದ್ದೇನೆಂದು ಈಗ ತಿಳಿದು ತೆರೆದೇ ನಿಂತಿತು, ನಿಲ್ಲಿಸ್ಲೇ ಎಂದ ಫೌಜದಾರ, ಅಷ್ಟರಲ್ಲಿ ಹೊರಗಿನಿಂದ ಕಾಳವ್ವನ ಗಂಟಲು, ಹಾಡಿನ ಉಳಿದ ಮಾತು, ಇಳೀರಿ, ಹಿಂದೆಯೇ ನೂರು ಗಂಟಲು, ಇಳೀರಿ, ಯಾರೋ ಮುರ್ತುಜಸಾಬನ ರಟ್ಟೆ ಹಿಡಿದರು, ಹಿಡಿಯಲಿ, ಅವನಿಗೆ ಮುಂದೇನೂ ಹೊಳೆಯದು, ಬೇಕಾಗಿಯೂ ಇಲ್ಲ, ಆ ಕನ್ನಡಿ, ಕನ್ನಡಿಯಲ್ಲಿ ಆ ಬಾಯಿ, ತೆರೆದ ಬಾಯಿ