ನೆರಳಿಗಿಟ್ಟ ಮುದಾನ್ ಬುಡ

ನನಗೆ ಬೇಕಾಗಿದ್ದುದು ಒಂದೇ ಒಂದು ತುಂಡು. ಹಸಿರು ಹೂ ಬಿಡುವ ಆ ಮುದಾನ್ ಗಿಡದ ಬುಡದಿಂದ ಮೂರು ಕಡ್ಡಿ, ನಾಲ್ಕು ಬೇರು ಇರುವ ಒಂದು ತುಂಡು. ಅದಕ್ಕಾಗಿ ಹನ್ನೊಂದು ವರ್ಷ ಶುನ್ ಮೇಸ್ತ್ರಿಯ ಹಿಂದೆ ಬಿದ್ದಿದ್ದೆ. ನಮ್ಮ ಲೊಯಾಂಗ್ ಊರಿನ ಗುರುತೇ ಮುದಾನ್ ಹೂ, ಇಲ್ಲಿ ಅದಕ್ಕೇನೂ ಬರವಿಲ್ಲ. ಕೆಂಪು, ಗುಲಾಬಿ, ಬಿಳಿ ಎಂದು ಬೀದಿಬೀದಿಯಲ್ಲೂ ಅರಳಿ ಬಿದ್ದಿರುತ್ತದೆ. ಆದರೆ ಉಳಿದ ಗಿಡಗಳೆಲ್ಲ ಹೂ ಉದುರಿಸಿ ಮುಗಿಸಿದ ಮೇಲೆ, ಏಪ್ರಿಲ್ ಕೊನೆಗೆ, ಎಳೆ ಅವರೆಕಾಯಿಯ ಬಣ್ಣದಲ್ಲಿ ಅರಳುತ್ತಿದ್ದದ್ದು ನಮ್ಮ ಕಾರ್ಖಾನೆ ವಸತಿಯ ಏಳನೇ ಕಟ್ಟಡದ ಮುಂದಿನ ಅದೊಂದೇ ಗಿಡ.

ಅದನ್ನು ನೆಟ್ಟವರು ಶುನ್ ಮೇಸ್ತ್ರಿ. ನನಗೆ ಹತ್ತೊಂಬತ್ತು ವರ್ಷವಿದ್ದಾಗ ಲೇತ್ ಯಂತ್ರ ಕಲಿಸಿದವರೂ ಅವರೇ. ಈಗ ಅವರಿಗೆ ಎಂಬತ್ತಾರು, ನನಗೆ ಅರವತ್ತೇಳು. ಆದರೆ ಅವರ ಲೆಕ್ಕದಲ್ಲಿ ನಾನಿನ್ನೂ ಹತ್ತೊಂಬತ್ತರ ಹುಡುಗಿಯೇ. ಪ್ರತಿ ವರ್ಷ ಬಿಸಿಲು ಇಳಿದು ಬೆಳಗಿನ ಹುಲ್ಲಿನ ಮೇಲೆ ಇಬ್ಬನಿ ಕೂರತೊಡಗಿದ ಕೂಡಲೇ ನಾವಿಬ್ಬರೂ ಗಿಡದ ಕೆಲಸಕ್ಕೆ ಇಳಿಯುತ್ತಿದ್ದೆವು. ಇಬ್ಬರೂ ಎಂದರೆ, ಅವರು ಮಡಚುವ ಕುರ್ಚಿಯ ಮೇಲೆ ಕೂತು ಅಪ್ಪಣೆ ಕೊಡುವುದು, ನಾನು ಮಂಡಿಯೂರಿ ಮಾಡುವುದು. ಬುಡದಿಂದೇಳುವ ಕಳ್ಳ ಚಿಗುರನ್ನು ಕೀಳಬೇಕು. ಮಣ್ಣು ಸಡಿಲಿಸಬೇಕು. ಒಣಗಿದ ಎಲೆಗಳನ್ನು ಒಂದೂ ಬಿಡದೆ ಆರಿಸಿ ಸುಡಬೇಕು, ಇಲ್ಲದಿದ್ದರೆ ರೋಗ ಅಲ್ಲೇ ಚಳಿಗಾಲ ಕಳೆಯುತ್ತದೆ. ಸೋಯಾ ಹಿಂಡಿಯನ್ನು ತಿಂಗಳುಗಟ್ಟಲೆ ಕೊಳೆಸಿದ ನೀರನ್ನು ಸುತ್ತ ಹೊಯ್ಯಬೇಕು. ಆ ನಾತಕ್ಕೆ ನನ್ನ ಸೊಸೆ ಒಂದು ವಾರ ನನ್ನ ಪಕ್ಕ ಊಟಕ್ಕೆ ಕೂರುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ, ಒಂದು ತುಂಡು ಕೊಡುತ್ತೀರಾ ಎಂದು ಕೇಳುತ್ತಿದ್ದೆ. ಬುಡ ಕಿತ್ತು ತುಂಡಾಗಿ ಒಡೆಯುವ ಕಾಲಕ್ಕೆ ನೋಡೋಣ ಎನ್ನುತ್ತಿದ್ದರು. ನಾನದನ್ನು ಮಾತು ಕೊಟ್ಟಂತೆಯೇ ಎಂದುಕೊಂಡಿದ್ದೆ.

ಈ ವರ್ಷ ಕೊನೆಗೂ ಅವರ ಬಾಯಿಂದ ಆ ಮಾತು ಬಂತು. ನಡುವಿನ ಕಡ್ಡಿಗಳು ಟೊಳ್ಳಾಗುತ್ತಿವೆ, ಹೀಗೇ ಬಿಟ್ಟರೆ ಗಿಡವೇ ಹೋಗುತ್ತದೆ, ಒಡೆಯೋಣ ಎಂದರು. ಹಗಲೂ ರಾತ್ರಿಯೂ ಸಮನಾಗುವ ದಿನ ಕಳೆದು ಮೂರನೇ ದಿನ ನಾನು ಬೆಳಗಿನಿಂದ ಮಧ್ಯಾಹ್ನದವರೆಗೆ ಅಗೆದೆ. ಎದುರುಮನೆಯ ಇಬ್ಬರು ಗಂಡಸರು ಸೇರಿ ಅದನ್ನು ಮೇಲೆತ್ತಿದರು. ಈಗ ತಾನೇ ಕಿತ್ತ ಮುದಾನ್ ಬೇರು ಹಸಿ ಮೂಲಂಗಿಯಷ್ಟೇ ಗರಿಗರಿ, ಮುಟ್ಟಿದರೆ ಪಟ್ಟನೆ ಮುರಿಯುತ್ತದೆ. ನೆರಳಲ್ಲಿ ಎರಡು ದಿನ ಬಾಡಿಸಿದರೆ ಹಗ್ಗದ ಹಾಗೆ ಬಾಗುತ್ತದೆ. ಆಮೇಲೆ ಕತ್ತಿ ಕೊಡಲಿ ಏನೂ ಬೇಡ, ಕೈಯಲ್ಲೇ ಸಂದು ನೋಡಿ ಬಿಡಿಸಬಹುದು.

ಅದನ್ನು ತಮ್ಮ ಮೂರನೇ ಮಹಡಿಯ ಬಾಲ್ಕನಿಗೆ ಸಾಗಿಸಬೇಕೆಂದು ಮೇಸ್ತ್ರಿ ಹಟ ಹಿಡಿದರು. ಯಾರ ಸೊಂಟ ಮುರಿಯಲು ಎಂದು ನಾನೇ ಅದನ್ನು ಸೈಕಲ್ ಶೆಡ್ಡಿನ ಮೂಲೆಯಲ್ಲಿ ಎರಡು ಗೋಣಿಚೀಲದ ಮೇಲೆ ಮಲಗಿಸಿದೆ. ಒಂದು ಚೀಟಿಯಾದರೂ ಅಂಟಿಸು ಎಂದರು. ಕಂದು ಕಡ್ಡಿಗಳನ್ನು ಯಾರು ಕದಿಯುತ್ತಾರೆ ಎಂದು ನಕ್ಕೆ. ಆ ತಪ್ಪು ನನ್ನದು. ಇಲ್ಲಿ ಬರೆಯುತ್ತಿದ್ದೇನೆ, ಆ ವಾರ ಮಾತ್ರ ಯಾರ ಮುಂದೆಯೂ ಒಪ್ಪಿಕೊಳ್ಳಲಿಲ್ಲ.

ಮಾರನೆಯ ದಿನ ನಾನು ತಂಗಿಯ ಮನೆಗೆ ಹೋಗಿದ್ದೆ. ಅದರ ಮಾರನೆಯ ದಿನ ಬೇರಿನ ಗಾಯಕ್ಕೆ ಸವರಲು ಬೂದಿ, ತುಂಡು ತುಂಬಲು ಬುಟ್ಟಿ ಹಿಡಿದು ಶೆಡ್ಡಿಗೆ ಹೋದರೆ ನೆಲ ಲಕಲಕ ಹೊಳೆಯುತ್ತಿತ್ತು. ನೀರು ಬಿಟ್ಟು ತೊಳೆದಿದ್ದರು. ಗೋಣಿಚೀಲವೂ ಇರಲಿಲ್ಲ. ಸ್ವಚ್ಛ ನಗರದ ತಪಾಸಣೆಗೆ ಯಾರೋ ಬರುತ್ತಾರಂತೆ, ಹಿಂದಿನ ದಿನ ಕಸವನ್ನೆಲ್ಲ ಲಾರಿಗೆ ತುಂಬಿ ಕಳಿಸಿದರಂತೆ.

ನನ್ನ ಮೈಯೆಲ್ಲ ಉರಿಯಿತು. ನೇರ ವಸತಿಯ ನಿರ್ವಹಣಾ ಕಚೇರಿಗೆ ನುಗ್ಗಿದೆ. ಅಲ್ಲಿನ ಮ್ಯಾನೇಜರ್ ಪಾಂಗ್ ನಮ್ಮ ವಸತಿಯಲ್ಲೇ ಹುಟ್ಟಿ ಬೆಳೆದವನು, ಅವನ ಮೂಗು ಒರೆಸಿದವಳು ನಾನು. ಅವನ ಗೋಡೆಯ ಕ್ಯಾಲೆಂಡರಿನಲ್ಲಿ ಮುದಾನ್, ಚಹಾ ಲೋಟದ ಮೇಲೆ ಮುದಾನ್, ಕೋಟಿನ ಬಿಲ್ಲೆಯ ಮೇಲೂ ಮುದಾನ್.

"ಚಿಕ್ಕಮ್ಮ, ಅದು ಸತ್ತೋಗಿರೋ ಗಿಡ ಅಲ್ವಾ?" ಎಂದ.

"ಸತ್ತಿರ್ಲಿಲ್ಲ ಕಣೋ. ಬಾಡ್ಲಿ ಅಂತ ಇಟ್ಟಿದ್ವಿ."

"ಗಿಡಾನ ಯಾರಾದ್ರೂ ಬೇಕೂಂತ ಬಾಡಿಸ್ತಾರಾ ಚಿಕ್ಕಮ್ಮ?"

ಲೊಯಾಂಗಿನಲ್ಲಿ ಹುಟ್ಟಿದವನು ಆಡುವ ಮಾತೇ ಇದು? ಎದೆಯ ಮೇಲೆ ಹೂ ಸಿಕ್ಕಿಸಿಕೊಳ್ಳಲು ಬರುತ್ತದೆ, ಅದರ ಬೇರು ಹೇಗಿರುತ್ತದೆಂದು ಗೊತ್ತಿಲ್ಲ. ಏಪ್ರಿಲ್‌ನಲ್ಲಿ ಹೂವಿನ ಮುಂದೆ ಹಲ್ಲು ಕಿರಿದು ಫೋಟೋ ತೆಗೆಸಿಕೊಳ್ಳುವವರು ಊರ ತುಂಬ ಇದ್ದಾರೆ. ಸೆಪ್ಟೆಂಬರಿನಲ್ಲಿ ಬುಡದ ಹತ್ತಿರ ಬಂದು ನಿಲ್ಲುವವರು ಯಾರು? ಇದನ್ನೆಲ್ಲ ಅವನ ಮುಖಕ್ಕೇ ಹೇಳಿದೆ. ಅವನು ಬಲು ವಿನಯದಿಂದ, ತಪಾಸಣೆಗೆಂದು ತರಿಸಿದ ಸೇವಂತಿಗೆ ಕುಂಡಗಳಿವೆ, ಮುಗಿದ ಮೇಲೆ ಐದು ನಿಮಗೇ ಕೊಡುತ್ತೇನೆ, ಅವುಗಳಲ್ಲಿ ಹೂವಾದರೂ ಇದೆ ಎಂದ.

"ಆ ಸೇವಂತಿಗೇನ ಹಾರ ಮಾಡಿ ನಿನ್ನ ತಪಾಸಣೆಯವರ ಕುತ್ತಿಗೆಗೆ ಹಾಕು," ಎಂದು ಹೇಳಿ ಎದ್ದು ಬಂದೆ.

ಲಾರಿ ಯಾವ ಕಸದ ಕೇಂದ್ರಕ್ಕೆ ಹೋಯಿತೆಂಬುದೂ ಅವನಿಗೆ ಗೊತ್ತಿರಲಿಲ್ಲ. ಮೂರು ದಿನ ಬಸ್ಸು ಹತ್ತಿ ಇಳಿದು ಹುಡುಕಿದೆ. ಒಂದು ಕೇಂದ್ರದಲ್ಲಿ ಗಿಡಗಂಟೆಯನ್ನೆಲ್ಲ ಪುಡಿ ಮಾಡುವ ಯಂತ್ರ ತೋರಿಸಿದರು. ಇನ್ನೊಂದರಲ್ಲಿ ಒಳಗೇ ಬಿಡಲಿಲ್ಲ. ನಾಲ್ಕನೇ ದಿನ, ರೈಲು ಹಳಿಯ ಪಕ್ಕದ ಮೂರನೇ ಕೇಂದ್ರದಲ್ಲಿ, ಕಸ ಗುಡಿಸುವ ಗೆಂಗ್ ಎಂಬ ಹೆಂಗಸು ಸಿಕ್ಕಳು. ಐವತ್ತರ ಆಸುಪಾಸಿನವಳು, ಅಂಗಿ ಕೊಳೆಯಾಗದಂತೆ ತೋಳಿಗೆ ನೀಲಿ ಗವಸು ಹಾಕಿಕೊಂಡಿದ್ದಳು. ನಾನು ಮುದಾನ್ ಎಂಬ ಮಾತು ಎತ್ತಿದ್ದೇ ತಡ, ಪೊರಕೆ ನೆಲಕ್ಕೆ ಕುಕ್ಕಿ ನನ್ನ ಮೇಲೇ ಎಗರಿದಳು.

"ಅದುನ್ನ ಬಿಸಾಕಿದ್ದು ನೀವೇನಾ? ನಿಮ್ಗೆ ಕಣ್ಣಿಲ್ವಾ? ಅಂತಾ ಬುಡಾನ ಕಸದ್ ಲಾರಿಗೆ ಹಾಕಕ್ಕೆ ಕೈ ಹೆಂಗ್ ಬಂತು?"

ನಾನು ಬೈಯಲು ಬಂದಿದ್ದವಳು, ಬೈಸಿಕೊಳ್ಳುತ್ತ ನಿಂತೆ. ಅವಳು ಹೇಜೆ ಕಡೆಯವಳು. ಅಲ್ಲಿ ಹೊಲಗಟ್ಟಲೆ ಮುದಾನ್ ಬೆಳೆಯುತ್ತಾರೆ, ಅವಳ ತವರಿನವರೂ ಅದೇ ಕಸುಬಿನವರು. ಔಷಧಿಗೆ ಬೇರಿನ ತೊಗಟೆ ಸುಲಿಯೋಣವೆಂದು ಜೊತೆಯವರು ಚಾಕು ಹಿಡಿದು ಕೂತಿದ್ದರಂತೆ, ಅವರ ಕೈಯಿಂದ ಕಿತ್ತುಕೊಂಡು ತನ್ನ ಕೋಣೆಯ ಮಾಡಿನ ಕೆಳಗೆ ಇಟ್ಟಿದ್ದಳಂತೆ. ಅದೂ ಸಾಲದೆಂಬಂತೆ, ಅಗೆದವರು ಯಾರೋ ಕಟುಕರು, ಗುದ್ದಲಿಯಲ್ಲಿ ಮೂರು ಒಳ್ಳೆಯ ಬೇರು ಕಡಿದಿದ್ದಾರೆ ಎಂದಳು. ಆ ಕಟುಕಿ ನಾನೇ ಎಂದು ಹೇಳುವ ಧೈರ್ಯ ಆಗಲಿಲ್ಲ.

ಉಳಿದದ್ದನ್ನೆಲ್ಲ ಹೇಳಿದೆ. ಬಾಡಲು ಇಟ್ಟಿದ್ದೆವು, ಹನ್ನೊಂದು ವರ್ಷ ಕಾದಿದ್ದೆ ಎಂದೆ. ಅವಳ ಸಿಟ್ಟು ಸ್ವಲ್ಪ ಇಳಿಯಿತು. ನನ್ನನ್ನು ಕೇಂದ್ರದ ಹಿಂದಿನ ಗೋಡೆಯ ಹತ್ತಿರ ಕರೆದುಕೊಂಡು ಹೋದಳು. ಬಿಸಿಲು ಬೀಳುವ, ನೀರು ನಿಲ್ಲದ ಜಾಗ. ಬಾಡಿದ ಬುಡವನ್ನು ನಾಲ್ಕು ತುಂಡಾಗಿ ಬಿಡಿಸಿ, ಮಾರು ದೂರಕ್ಕೊಂದರಂತೆ, ಮಣ್ಣೇರಿಸಿ ನೆಟ್ಟಿದ್ದಳು. ಕೂತು ಮುಟ್ಟಿ ನೋಡಿದೆ. ಕಡ್ಡಿಯ ಮೇಲಿನ ಒಂದು ಚಿಗುರುಮೊಗ್ಗೂ ಉದುರಿರಲಿಲ್ಲ. ನಾನೂ ಮೇಸ್ತ್ರಿಯೂ ಸೇರಿ ಮಾಡಿದ್ದರೂ ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲ. ಅಲ್ಲೇ ಅತ್ತುಬಿಟ್ಟೆ.

"ಈಗ ಕೀಳ್ಬೇಡಿ ಅಕ್ಕ. ಹೊಸ ಬೇರು ಬಿಡೋ ಕಾಲ ಇದೇಯ. ಮತ್ತೆ ಎಬ್ಬಿಸಿದ್ರೆ ಎಲ್ಡಾದ್ರೂ ಸಾಯ್ತವೆ," ಎಂದಳು. ಆಮೇಲೆ, ನಾನು ಬಾಯಿ ಬಿಡುವ ಮುಂಚೆಯೇ, "ಆ ಕೊನೇದು ನಿಮ್ದು. ಇಲ್ಲೇ ಇರ್ಲಿ, ಬಂದು ನೋಡ್ಕೊಳಿ," ಎಂದಳು.

ಅಲ್ಲಿಂದ ನೇರ ಶುನ್ ಮೇಸ್ತ್ರಿಯ ಮನೆಗೆ ಬಂದೆ. ನಾಲ್ಕು ದಿನದಿಂದ ಅವರು ಸರಿಯಾಗಿ ಊಟ ಮಾಡಿರಲಿಲ್ಲ. ಸಿಕ್ಕಿತು, ನಾಲ್ಕು ತುಂಡಾಗಿದೆ, ನಾಲ್ಕೂ ಜೀವ ಹಿಡಿದಿವೆ ಎಂದೆ. ಎಲ್ಲಿ, ಯಾರು ಎಂದು ಹೇಳಲು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅವರು ಬೆರಳು ಮಡಚತೊಡಗಿದರು. ಒಂದು ಹಳೆಯ ಗುಂಡಿಗೇ. ಒಂದು ದೊಡ್ಡ ಮಗನಿಗೆ, ಒಂದು ಚಿಕ್ಕವನಿಗೆ. ಇನ್ನೊಂದು ಕಾರ್ಖಾನೆಯ ಹಳೆಯ ನಿರ್ದೇಶಕರ ಮನೆಗೆ, ಅವರು ಹಿಂದೆ ಒಮ್ಮೆ ಕೇಳಿದ್ದರು. ನಾಳೆಯೇ ಹೋಗಿ ಕಿತ್ತು ತಾ ಎಂದರು.

ಆ ಇಬ್ಬರು ಮಕ್ಕಳು ಒಂದು ದಿನವೂ ಆ ಗಿಡದ ಒಣ ಎಲೆ ಹೆಕ್ಕಿದವರಲ್ಲ.

"ನಂದು, ಮೇಸ್ತ್ರಿ?" ಎಂದೆ.

"ನಿಂಗೆಲ್ಲಮ್ಮ ಜಾಗ? ಐದನೇ ಮಹಡೀಲಿ ಇರೋಳು. ಐದು ತುಂಡು ಆಗಿದ್ರೆ ನೋಡ್ಬಹುದಿತ್ತು."

ಪಾಂಗ್ ಮೇಲೆ ಬಂದಿದ್ದ ಸಿಟ್ಟು ಸಿಟ್ಟೇ ಅಲ್ಲ. ಅವನಿಗೆ ಗೊತ್ತಿರಲಿಲ್ಲ, ಎಸೆದ. ಇವರಿಗೆ ಎಲ್ಲವೂ ಗೊತ್ತಿತ್ತು. ನಾನು ಮಂಡಿಯೂರಿದ ಹನ್ನೊಂದು ಸೆಪ್ಟೆಂಬರನ್ನೂ ಎದುರಿಗೆ ಕೂತು ನೋಡಿದ್ದರು. ಕಸ ಗುಡಿಸುವವಳು ನನ್ನ ಹೆಸರು ಕೂಡ ಕೇಳದೆ ಒಂದು ತುಂಡು ಕೊಟ್ಟಳು, ನಲವತ್ತೆಂಟು ವರ್ಷದ ಗುರುವಿನ ಬೆರಳುಗಳಲ್ಲಿ ನನಗೊಂದು ಸಿಗಲಿಲ್ಲ.

"ಎಲ್ಲಿದೆ ಅದು?" ಎಂದು ಕೇಳಿದರು.

"ಹೇಳಲ್ಲ ಮೇಸ್ತ್ರಿ."

ಅದು ನನ್ನ ಗಿಡ, ನಾನು ನೆಟ್ಟಿದ್ದು ಎಂದು ಊರುಗೋಲು ಬಡಿದರು. ಹೌದು, ನೆಟ್ಟವರು ನೀವೇ ಎಂದೆ. ಹೂ ಬಿಟ್ಟ ದಿನ ನಾನೇ ಬಂದು, ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸುತ್ತೇನೆ, ಅಲ್ಲಿಯವರೆಗೆ ಕೇಳಬೇಡಿ ಎಂದೆ.

"ಒಡೆದ ಬುಡ ಹೂ ಬಿಡೋಕೆ ಎರಡು ವರ್ಷ ಬೇಕು," ಅವರ ದನಿ ಸಣ್ಣದಾಗಿತ್ತು. "ನಂಗೆ ಎಂಬತ್ತಾರು, ಕ್ವಾಂಗ್."

"ನಾನು ಹನ್ನೊಂದು ವರ್ಷ ಕಾದಿದ್ದೀನಿ. ನೀವು ಎರಡು ವರ್ಷ ಕಾಯಿರಿ," ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡೆ.